ಎಲುಬಿನ ವಯಸ್ಸು

ಬಸ್ಸು ನವಲೂರು ದಾಟುತ್ತಿದ್ದಂತೆ ಅಪ್ಪನಿಗೆ ಮತ್ತೆ ಝಳ ಹತ್ತಿತು. ಹೊರಗೆ ಶ್ರಾವಣದ ಮೋಡ. ಕಿಟಕಿ ಪಕ್ಕದವರೆಲ್ಲ ಥಂಡಿ ಎಂದು ಗಾಜು ಎಳೆದುಕೊಂಡು ಕೂತಿದ್ದರೆ ಗೋವಿಂದಪ್ಪ ಮಾಸ್ತರರ ಹಣೆಯಿಂದ ಬೆವರು ಇಳಿದು ಕನ್ನಡಕದ ಮೇಲೆ ಬೀಳುತ್ತಿತ್ತು. ಅವರು ಅಂಗಿಯ ಎರಡು ಗುಂಡಿ ಬಿಚ್ಚಿದರು, ಮೂರನೆಯದಕ್ಕೆ ಹೋದ ಕೈ ಅಲ್ಲೇ ನಿಂತಿತು, ಹೆಗಲ ಮೇಲಿನ ಶಲ್ಯ ಎದೆಗೆ ಅಡ್ಡ ಬಂತು. ಹಿಂದಿನ ಸೀಟಿನಲ್ಲಿದ್ದ ಮಗ ಯಲ್ಲೇಶ ಇದನ್ನೆಲ್ಲ ನೋಡಿ, ನೋಡದವನ ಹಾಗೆ ಹೊರಗೆ ಮುಖ ಮಾಡಿದ. ಪ್ರಾಸ್ಟೇಟಿನ ಗಡ್ಡೆಗೆಂದು ಅಪ್ಪ ತಿಂಗಳಿಗೊಂದು ಸೂಜಿ ಮಾಡಿಸಿಕೊಳ್ಳಲು ಶುರುಮಾಡಿ ವರ್ಷ ಕಳೆದಿತ್ತು. ಆ ಸೂಜಿ ಗಂಡಸಿನ ಹಾರ್ಮೋನನ್ನು ನಿಲ್ಲಿಸಿ ಗಡ್ಡೆಗೆ ಮೇವು ಸಿಗದ ಹಾಗೆ ಮಾಡುತ್ತದೆ. ಜೊತೆಗೆ ಮೈಗೆ ಝಳ ಹತ್ತಿಸುತ್ತದೆ, ಎದೆ ಉಬ್ಬಿಸುತ್ತದೆ, ಎಲುಬು ಸವೆಸುತ್ತದೆ. ಬಚ್ಚಲಲ್ಲಿ ಸುಮ್ಮನೆ ಜಾರಿದ್ದಕ್ಕೇ ಅವರ ಮುಂಗೈ ಮುರಿದಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಯಲ್ಲೇಶನಿಗೆ ಇದೆಲ್ಲ ಗೊತ್ತು. ಹಾಗೆ ನೋಡಿದರೆ ಅವನಿಗೆ ಗೊತ್ತಿಲ್ಲದ್ದೇ ಕಡಿಮೆ. ಗೊತ್ತಿದ್ದದ್ದನ್ನು ಇಟ್ಟುಕೊಂಡು ಏನು ಮಾಡಬೇಕೆಂಬುದಷ್ಟೇ ಗೊತ್ತಿರಲಿಲ್ಲ. ಅಪ್ಪನ ಸೂಜಿಗೆಂದು ಹುಬ್ಬಳ್ಳಿಗೆ ಹೋಗುತ್ತೇನೆ ಎಂದು ಶಾಲೆಯಲ್ಲಿ, ಓಣಿಯಲ್ಲಿ ಹೇಳಿ ಬಂದಿದ್ದ. ಅದು ಸುಳ್ಳೇನಲ್ಲ. ಆದರೆ ಅದೇ ಸೂಜಿ ತನ್ನ ಹನ್ನೆರಡು ವರ್ಷದ ಮಗುವಿಗೂ ಕೊಡಿಸಬೇಕೋ ಬೇಡವೋ ಎಂದು ಕೇಳಲಿಕ್ಕೂ ಹೊರಟಿದ್ದೇನೆ ಎಂಬುದು ಮನೆಯವರ ಹೊರತು ಯಾರಿಗೂ ತಿಳಿದಿರಲಿಲ್ಲ.

ಮಗು, ಸ್ನೇಹಲ್, ಅಜ್ಜನ ಪಕ್ಕದಲ್ಲಿ ಕೂತಿತ್ತು. ಔಷಧಿ ಅಂಗಡಿಯವನು ಅಜ್ಜನ ಸೂಜಿಮದ್ದನ್ನು ಇಟ್ಟು ಬರ್ಫ ತುಂಬಿ ಕೊಟ್ಟ ಥರ್ಮೊಕೋಲ್ ಡಬ್ಬಿ ಅದರ ತೊಡೆಯ ಮೇಲೆ. ಧಾರವಾಡದಲ್ಲಿ ಬಸ್ಸು ಹತ್ತಿದಾಗ ಮುಂದೆ ಹೆಣ್ಣುಮಕ್ಕಳ ಸೀಟಿನಲ್ಲಿ ಒಬ್ಬ ಮುದುಕಿಯ ಪಕ್ಕ ಜಾಗವಿತ್ತು, ಸ್ನೇಹಲ್ ಏನೂ ಯೋಚಿಸದೆ ಹೋಗಿ ಕೂತುಬಿಟ್ಟಿತ್ತು. ಮುದುಕಿಯೂ ಏನೂ ಯೋಚಿಸದೆ ಸರಿದು ಜಾಗ ಕೊಟ್ಟಿದ್ದಳು. ಜುಬಿಲಿ ಸರ್ಕಲ್ಲಿನಲ್ಲಿ ಬಸ್ಸು ತುಂಬಿತು. ಟಿಕೆಟ್ ಹರಿಯುತ್ತ ಬಂದ ಕಂಡಕ್ಟರ್ ಮಗುವಿನ ಕುತ್ತಿಗೆಗೆ ಇಳಿದ ಕೂದಲು ನೋಡಿದ, ಪ್ಯಾಂಟು ನೋಡಿದ, ಮತ್ತೆ ಮುಖ ನೋಡಿದ. "ಏ ತಮ್ಮಾ, ಏಳಪಾ, ಹೆಣ್ಮಕ್ಕಳ ಸೀಟದು. ಇಷ್ಟು ದೊಡ್ಡಾಂವ ಆದ್ರೂ ಗೊತ್ತಾಗೂದಿಲ್ಲೇನು?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಿನಾ ಹೇಳಿ ಹೇಳಿ ರೂಢಿಯಾದ ಮಾತು. ಆದರೂ ಸುತ್ತಲಿನ ಮುಖಗಳೆಲ್ಲ ತಿರುಗಿದವು. ಆಗ ಯಲ್ಲೇಶ ಏನಾದರೂ ಅನ್ನಬಹುದಿತ್ತು. ಏನು ಅನ್ನುವುದು? ಅವನಲ್ಲ ಎನ್ನುವುದೇ? ಅವಳು ಎನ್ನುವುದೇ? ಕಡೆಗೆ ಕೂತಿರಲಿ ಬಿಡ್ರಿ ಎಂದಾದರೂ ಅನ್ನಬಹುದಿತ್ತು. ಅವನು ಕಿಸೆಯಲ್ಲಿ ಚಿಲ್ಲರೆ ಹುಡುಕತೊಡಗಿದ. ಅಪ್ಪನೇ ಎದ್ದು ತಮ್ಮ ಸೀಟಿನಲ್ಲಿ ಮಗುವನ್ನು ಕೂರಿಸಿ, ಮುರಿದು ಕೂಡಿದ ಕೈಯಲ್ಲೇ ಕಂಬಿ ಹಿಡಿದು ನಿಂತರು. ಟೋಲ್ ನಾಕಾದಲ್ಲಿ ಪಕ್ಕದವರು ಇಳಿದ ಮೇಲೆಯೇ ಅವರಿಗೆ ಕೂರಲು ಸಿಕ್ಕಿದ್ದು. ಅಷ್ಟು ಹೊತ್ತೂ ಸ್ನೇಹಲ್ ತಿರುಗಿ ತಂದೆಯ ಕಡೆ ನೋಡಲಿಲ್ಲ. ನೋಡದಿದ್ದುದೇ ಯಲ್ಲೇಶನಿಗೆ ಹೆಚ್ಚು ಚುಚ್ಚಿತು, ನೋಡಿದ್ದರೂ ಅಷ್ಟೇ ಚುಚ್ಚುತ್ತಿತ್ತೇನೋ.

ಮನೆಯಲ್ಲಿ ಈಚೆಗೆ ಎಲ್ಲರೂ ಅದು, ಕೂಸು, ಮಗು ಎಂದು ಮೊಲೆಹಾಲು ಕುಡಿಯುವ ಹಸುಳೆಯ ಬಗ್ಗೆ ಮಾತಾಡುವ ಹಾಗೆ ಮಾತಾಡುತ್ತಿದ್ದರು. ಹಾಗೆಂದು ಯಾರೂ ಕೂತು ಗೊತ್ತುಮಾಡಿದ್ದಲ್ಲ. ನಾಲ್ಕು ವರ್ಷವಿದ್ದಾಗ ಸ್ನೇಹಲ್ ನಾ ಹುಡುಗಿ ಎಂದರೆ ಎಲ್ಲರೂ ಹೌದವ್ವಾ ಎಂದು ನಕ್ಕು, ತಾಯಿ ಕಾವೇರಿಯ ಬಳೆ ತೊಡಿಸಿ ಆಡಿಸಿದ್ದರು. ಏಳು ವರ್ಷಕ್ಕೂ ಹಾಗೇ ಅಂದಾಗ ಬೈದಿದ್ದರು. ಆಮೇಲೆ ಅದು ಅನ್ನುವುದನ್ನೇ ಬಿಟ್ಟಿತು, ಮನೆಯವರು ಅಬ್ಬಾ ಎಂದರು. ಹೋದ ವರ್ಷ ಜ್ವರ ಬಂದು ಮೈ ಹಿಡಿಯಷ್ಟಾಗಿ, ಮೂತ್ರದ ಸೋಂಕು ಎಂದು ತಿಳಿದಾಗ ಕಾವೇರಿ ಬಿಡದೆ ಕೇಳಿ ಬಾಯಿ ಬಿಡಿಸಿದ್ದಳು: ಹುಡುಗರ ಮೂತ್ರಾಲಯಕ್ಕೆ ಹೋಗಲು ಆಗುವುದಿಲ್ಲವೆಂದು ಮಗು ಶಾಲೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿತ್ತು, ಅದೂ ಎರಡು ವರ್ಷದಿಂದ. ಸುಮ್ಮನಾದದ್ದು ಗುಣವಾಗಿದ್ದಲ್ಲ, ಒಳಗೆ ಸರಿದದ್ದು. ಈ ಬೇಸಿಗೆಯಲ್ಲಿ ಮೇಲ್ದುಟಿಯ ಮೇಲೆ ನಸುಗಪ್ಪು ಕಾಣಿಸಿಕೊಂಡಿತು. ಕನ್ನಡಿ ಮುಂದೆ ನಿಂತಿದ್ದ ಸ್ನೇಹಲ್ ತಾಯಿಗೆ ಹೇಳಿತ್ತಂತೆ, "ಮಮ್ಮಿ, ನನ್ನ ಕೇಳದನ ನನ್ನ ಮೈ ಸುರು ಮಾಡೇತಿ." ಕಾವೇರಿ ಅದನ್ನು ಗಂಡನಿಗೆ ಹೇಳುವಾಗ ರೊಟ್ಟಿ ಬಡಿಯುತ್ತಿದ್ದಳು, ಬಡಿಯುವುದನ್ನು ನಿಲ್ಲಿಸಲಿಲ್ಲ.

ಸೂಜಿಯ ಸುಳಿವು ಹಿಡಿದದ್ದೂ ಅದೇ. ಅಜ್ಜ ಪಡಸಾಲೆಯಲ್ಲಿ ಕೂತು ದಾಡಿ ಮಾಡಿಕೊಳ್ಳುವಾಗ ಕನ್ನಡಿ ಹಿಡಿಯುವುದು ಮಗುವಿನ ಕೆಲಸ. ಮೊದಲು ದಿನ ಬಿಟ್ಟು ದಿನ ಹಿಡಿಯಬೇಕಿತ್ತು, ಈಗ ವಾರಕ್ಕೊಮ್ಮೆ ಹಿಡಿದರೆ ಸಾಕು. ಯಾಕೆ ಎಂದು ಕೇಳಿತು. ಗೋವಿಂದಪ್ಪ ನಲವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳದೆ ಕಲಿಸಿದವರು, ಇದ್ದದ್ದು ಇದ್ದಹಾಗೆ ಹೇಳಿದರು. ಅಂದು ಸಂಜೆ ಊಟಕ್ಕೆ ಕೂತಾಗ ಸ್ನೇಹಲ್ ತಟ್ಟೆ ನೋಡುತ್ತಲೇ ಕೇಳಿತು, "ಪಪ್ಪಾ, ಅಜ್ಜನ ಸೂಜಿ ನನಗೂ ಮಾಡಸ್ತೀರೇನು? ಇದ್ದದ್ದು ಹೋಗೂದು ಬ್ಯಾಡ, ಮುಂದ ಬರೂದು ನಿಂತ್ರ ಸಾಕು." ಯಲ್ಲೇಶ ನಕ್ಕುಬಿಟ್ಟ. ಸಿಟ್ಟು ಬಂದಿದ್ದರೆ ಬೈಯಬಹುದಿತ್ತು, ದುಃಖವಾಗಿದ್ದರೆ ಏಳಬಹುದಿತ್ತು. ತರಗತಿಯಲ್ಲಿ ದಡ್ಡ ಪ್ರಶ್ನೆಗೆ ನಗುವ ಮಾಸ್ತರ ನಗೆ ತಾನೇ ತಾನಾಗಿ ಬಾಯಿಗೆ ಬಂದುಬಿಟ್ಟಿತ್ತು. ಆ ಪ್ರಶ್ನೆ ದಡ್ಡ ಪ್ರಶ್ನೆಯಲ್ಲವೆಂದು ತಿಳಿಯಲು ಅವನಿಗೆ ಹೆಚ್ಚು ದಿನ ಬೇಕಾಗಲಿಲ್ಲ. ನಗೆಯನ್ನು ಮಾತ್ರ ಇನ್ನೂ ವಾಪಸು ತೆಗೆದುಕೊಳ್ಳಲಾಗಿರಲಿಲ್ಲ.

ಅದಾದ ಮೇಲೆ ಅವನು ಸಪ್ತಾಪುರದ ಸೈಬರ್ ಕೆಫೆಗೆ ಹೋಗತೊಡಗಿದ. ಕೆಫೆಯವನು ಅವನ ಹಳೆಯ ವಿದ್ಯಾರ್ಥಿ. ಸರ್ ಬಂದರೆಂದು ಪಂಖದ ಕೆಳಗಿನ ಕಂಪ್ಯೂಟರು ಬಿಟ್ಟುಕೊಡುತ್ತಿದ್ದ. ಅದರ ಪರದೆ ಬಾಗಿಲಿಗೆ ಮುಖ ಮಾಡಿತ್ತು. ಯಲ್ಲೇಶ ಬೆನ್ನನ್ನೇ ಗೋಡೆ ಮಾಡಿಕೊಂಡು, ಯಾರಾದರೂ ಒಳಗೆ ಬಂದರೆ ಕ್ರಿಕೆಟ್ ಸ್ಕೋರು ತೆರೆದು, ಕಳ್ಳನ ಹಾಗೆ ಓದಿದ. ಒಂದು ಪುಟದಲ್ಲಿ ಬಿಳಿ ಕೋಟಿನ ಡಾಕ್ಟರೊಬ್ಬರು, ಈ ಔಷಧಿಯಿಂದ ಮಕ್ಕಳಿಗೆ ಯೋಚಿಸಲು ಬಿಡುವು ಸಿಗುತ್ತದೆ, ಬೇಕಾದಾಗ ನಿಲ್ಲಿಸಿದರೆ ಮೈ ಮತ್ತೆ ತನ್ನ ದಾರಿ ಹಿಡಿಯುತ್ತದೆ, ಜೀವ ಬೇಸತ್ತ ಮಕ್ಕಳು ನಗುವುದನ್ನು ನೋಡಿದ್ದೇನೆ ಎಂದಿದ್ದರು. ಇನ್ನೊಂದರಲ್ಲಿ ಅಂಥದೇ ಕೋಟಿನ ಮತ್ತೊಬ್ಬರು, ಎಲುಬು ಗಟ್ಟಿಯಾಗುವ ವರ್ಷಗಳನ್ನೇ ಕಸಿದುಕೊಳ್ಳುತ್ತಿದ್ದೀರಿ, ಮಿದುಳಿಗೆ ಏನಾಗುತ್ತದೋ ಯಾರೂ ನೋಡಿಲ್ಲ, ಬಿಟ್ಟರೆ ಎಷ್ಟೋ ಮಕ್ಕಳು ತಾವೇ ಹೊಂದಿಕೊಳ್ಳುತ್ತಾರೆ ಎಂದಿದ್ದರು. ಇಬ್ಬರ ಮುಖದಲ್ಲೂ ಒಂದೇ ಬಗೆಯ ಧೈರ್ಯವಿತ್ತು. ಯಲ್ಲೇಶನಿಗೆ ಮೊದಲನೆಯವರನ್ನು ಓದುವಾಗ ಅವರು ಸರಿ ಎನ್ನಿಸುತ್ತಿತ್ತು, ಎರಡನೆಯವರನ್ನು ಓದುವಾಗ ಇವರು. ಮರುದಿನ ಹತ್ತನೆಯ ತರಗತಿಯಲ್ಲಿ ಬೋರ್ಡಿನ ಮೇಲೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನು ಬರೆದು, ಇಲ್ಲಿಂದ ಅಪ್ಪಣೆ ಹೊರಡುತ್ತದೆ ಎಂದ. ಹಿಂದಿನ ಬೆಂಚಿನವರು ಎಂದಿನಂತೆ ಕಿಸಕ್ಕನೆ ನಕ್ಕರು. ಅಪ್ಪಣೆ ತಡೆದರೆ ಏನಾಗುತ್ತದೆ ಎಂದು ಯಾವ ಹುಡುಗನೂ ಕೇಳಲಿಲ್ಲ, ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಇದರ ನಡುವೆ ಶಿರಗುಪ್ಪಿಯಿಂದ ಸಾವಂತ್ರೆವ್ವ ಬಂದಳು. ಗೋವಿಂದಪ್ಪನವರ ತಂಗಿ, ಯಲ್ಲೇಶನಿಗೆ ಸೋದರತ್ತೆ. ಹರೆಯದಲ್ಲಿ ಅವಳ ತಲೆಯಲ್ಲಿ ಜಡೆಗಟ್ಟಿದಾಗ, ಇದು ಎಲ್ಲಮ್ಮನ ಕರೆ, ಹುಡುಗಿಯನ್ನು ಗುಡ್ಡಕ್ಕೆ ಬಿಟ್ಟು ದೇವದಾಸಿ ಮಾಡಬೇಕು ಎಂದು ಊರವರು ಕೂಡಿಬಂದಿದ್ದರು. ಆಗಷ್ಟೇ ಬುದ್ಧನ ದೀಕ್ಷೆ ತೆಗೆದುಕೊಂಡಿದ್ದ ಗೋವಿಂದಪ್ಪ ಕತ್ತರಿ ಹಿಡಿದು ಎಲ್ಲರ ಎದುರು ತಂಗಿಯ ಜಡೆ ಕತ್ತರಿಸಿ ಹಾಕಿದರು. ಮನೆಯಲ್ಲಿ ಅದು ವೀರಗಾಥೆ; ಯಲ್ಲೇಶ ಅದನ್ನು ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದ. (ದೀಕ್ಷೆಗೂ ಮೊದಲೇ ಹುಟ್ಟಿದ ಅವನ ಹೆಸರಿನಲ್ಲಿ ಮಾತ್ರ ಎಲ್ಲಮ್ಮ ಹಾಗೇ ಉಳಿದುಕೊಂಡಿದ್ದಳು, ದಾಖಲೆ ತಿದ್ದಿಸುವ ತಾಪತ್ರಯಕ್ಕೆ ವಿಚಾರವಾದವೂ ಸೋತಿತ್ತು.) ಸಾವಂತ್ರೆವ್ವ ಮಾತ್ರ ಆ ಕತೆಯನ್ನು ಎಂದೂ ಹೇಳಿದವಳಲ್ಲ. ಆ ದಿನ ತಾಯಿಯ ಓಢಣಿ ಹೊದ್ದು ಹಿತ್ತಲಲ್ಲಿ ಮಲ್ಲಿಗೆ ಬಿಡಿಸುತ್ತಿದ್ದ ಮಗುವನ್ನು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಹತ್ತಿರ ಹೋಗಿ ಎರಡೂ ಕೈಯಿಂದ ಮುಖ ಸವರಿ ನೆಟಿಕೆ ಮುರಿದಳು. "ಇದು ಎಲ್ಲವ್ವನ ಕೂಸು ಯಲ್ಲೇಶಾ. ನೀ ಯಾಕ ಅಂಜತಿ? ಇಂಥವ್ರಿಗೆ ನಮ್ಮೊಳಗ ಜಾಗಾ ಐತಿ." ಆ ಜಾಗ ಯಾವುದೆಂದು ಯಲ್ಲೇಶನಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಶಿರಗುಪ್ಪಿಗೆ ಜೋಗಪ್ಪಗಳು ಬರುತ್ತಿದ್ದರು. ಹುಟ್ಟಿನಿಂದ ಗಂಡಾದ ಅವರು ಸೀರೆ ಉಟ್ಟು, ತಲೆಯ ಮೇಲೆ ಕೊಡ ಹೊತ್ತು, ಚೌಡಿಕಿಯ ನಾದಕ್ಕೆ ಕುಣಿಯುತ್ತಿದ್ದರು. ಬೆಳಿಗ್ಗೆ ಊರ ಹೆಂಗಸರು ಅವರ ಕಾಲಿಗೆ ನೀರು ಹಾಕಿ ಅಡ್ಡಬೀಳುತ್ತಿದ್ದರು. ಸಂಜೆ ಅದೇ ಮನೆಗಳ ಗಂಡಸರು ಅವರನ್ನು ಕರೆಯುವ ರೀತಿಯೇ ಬೇರೆಯಾಗಿತ್ತು. ಅಪ್ಪ ಕತ್ತರಿಯಿಂದ ಕತ್ತರಿಸಿ ಹಾಕಿದ್ದು ಮೊಮ್ಮಗುವಿನ ತಲೆಯ ಮೇಲೆ ಬಂದು ಕೂರುವುದೇ? ಇಷ್ಟಾಗಿ, ಸಾವಂತ್ರೆವ್ವ ಹೋದ ಮೇಲೆ ಸ್ನೇಹಲ್ ಹೇಳಿದ್ದು ಒಂದೇ ಮಾತು, ಆ ಅಜ್ಜಿ ನನ್ನನ್ನು ನೋಡಿ ಮುಖ ಸಣ್ಣ ಮಾಡಲಿಲ್ಲ ಎಂದು. ಯಲ್ಲೇಶನ ಮನೆಯಲ್ಲಿ ಪುಸ್ತಕ ಓದಿದವರೆಲ್ಲ ಮುಖ ಸಣ್ಣ ಮಾಡಿದ್ದರು.

ಬಸ್ಸು ಉಣಕಲ್ ಕೆರೆಯ ಪಕ್ಕ ಹೋಗುವಾಗ ಸ್ನೇಹಲ್ ಡಬ್ಬಿಯನ್ನು ಎತ್ತಿ ಇನ್ನೊಂದು ತೊಡೆಗೆ ಇಟ್ಟುಕೊಂಡಿತು, ಬರ್ಫ ಕರಗಿ ಪ್ಯಾಂಟು ತೊಯ್ದಿತ್ತು. ತಾನು ಹಿಡಿಯಲೇ ಎಂದು ಯಲ್ಲೇಶ ಕೇಳಿದ್ದಕ್ಕೆ ಬೇಡವೆಂದು ತಲೆಯಾಡಿಸಿತು. ಅಂಚೆ ಕಚೇರಿಯ ಕೌಂಟರಿನ ಕೆಲಸಕ್ಕೆ ರಜೆ ಸಿಗದೆ ಉಳಿದ ಕಾವೇರಿ ಬೆಳಿಗ್ಗೆ ಮಗುವಿಗೆ ತಲೆ ಬಾಚುತ್ತ, ಅದಕ್ಕೆ ಕೇಳಿಸುತ್ತದೆಂದು ಗೊತ್ತಿದ್ದೂ ಸಣ್ಣ ದನಿಯಲ್ಲಿ ಕೇಳಿದ್ದಳು: ಇವತ್ತು ನಿಲ್ಲಿಸಿದ್ದು ನಾಳೆ ಬೇಕೆಂದಾಗ ಶುರುವಾಗದಿದ್ದರೆ ಯಾರನ್ನು ಕೇಳುವುದು? ಹಾಗಾದರೆ ಬೇಡವೇ ಎಂದರೆ, ಬೇಡ ಅಂತ ನಾನೆಲ್ಲಿ ಅಂದೆ ಎಂದಳು. ಕುತ್ತಿಗೆಗೆ ಇಳಿದ ಕೂದಲನ್ನು ಎರಡು ಸಲ ಬಾಚಿ, ಮೂರನೆಯ ಸಲವೂ ಬಾಚಿದಳು. "ನೀವು ಓದಿದವ್ರು. ನೀವ ಹೇಳ್ರಿ" ಎಂದಳು ಕೊನೆಗೆ. ಅಂಚೆ ಕಚೇರಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವಳು ಓದಿಲ್ಲದವಳೇನೂ ಅಲ್ಲ. ಹೊರೆಯನ್ನು ಯಾರ ತಲೆಗೆ ದಾಟಿಸುವುದೆಂದು ಇಬ್ಬರೂ ಹುಡುಕುತ್ತಿದ್ದರು, ಅಷ್ಟೇ.

ದೇಶಪಾಂಡೆ ನಗರದ ದವಾಖಾನೆಯಲ್ಲಿ ಮುದುಕರ ಸಾಲು ಉದ್ದಕ್ಕಿತ್ತು. ಡಾಕ್ಟರು ರಮಾಕಾಂತ ಹಾರ್ಮೋನಿನ ರೋಗಗಳ ತಜ್ಞರು, ಸಕ್ಕರೆ ಕಾಯಿಲೆಯವರೇ ಅವರಿಗೆ ಹೆಚ್ಚು. ಹೋದ ತಿಂಗಳು ಅಪ್ಪನನ್ನು ಕರೆತಂದಾಗ ಯಲ್ಲೇಶ ಹೋಗುವ ಮುಂಚೆ ಬಾಗಿಲ ಬಳಿ ನಿಂತು, ನಮ್ಮ ಶಾಲೆಯಲ್ಲಿ ಒಬ್ಬ ವಿದ್ಯಾರ್ಥಿ ಇದ್ದಾನೆ ಸರ್ ಎಂದು ಶುರುಮಾಡಿದ್ದ. ಡಾಕ್ಟರು ಪೂರ್ತಿ ಕೇಳಿ, ಆ ವಿದ್ಯಾರ್ಥಿಯನ್ನು ಕರಕೊಂಡು ಬರ್ರಿ, ತಡ ಮಾಡಬ್ಯಾಡ್ರಿ ಎಂದಿದ್ದರು. ಈಗ ಆ ವಿದ್ಯಾರ್ಥಿ ಅವನದೇ ಮೂಗು, ಅವನದೇ ಹಣೆ ಹೊತ್ತು ಬೆಂಚಿನ ಮೇಲೆ ಕೂತಿತ್ತು. ಅದು ನೀರು ಕುಡಿಯಲು ಮೂಲೆಯ ಕೊಡದ ಕಡೆ ಹೋದಾಗ ಅಪ್ಪ ಶಲ್ಯದಿಂದ ಕುತ್ತಿಗೆ ಒರೆಸಿಕೊಂಡು ಮೆಲ್ಲಗೆ ಮಾತಾಡಿದರು. ನನಗೆ ಈ ಸೂಜಿ ಏನು ಮಾಡಿದೆಯೋ ಅದನ್ನೇ ಅದಕ್ಕೂ ಮಾಡುತ್ತದೆ ಎಂದು ಹೆದರಬೇಡ, ನನ್ನವು ದುಡಿದು ಸವೆದ ಎಲುಬು ಎಂದರು. ಆದರೆ ಅದರವು ಇನ್ನೂ ಕೂಡಿಕೊಳ್ಳಬೇಕಾದ ಎಲುಬು, ಹೆದರದೆಯೂ ಇರಬೇಡ ಎಂದರು. ಹಾಗಾದರೆ ಏನು ಮಾಡಲಿ ಎಂದು ಯಲ್ಲೇಶ ಕೇಳಿದ. ಕೇಳಿದ್ದು ನಲವತ್ತಮೂರು ವರ್ಷದ ಮಾಸ್ತರನಲ್ಲ, ಮನೆಪಾಠ ಮಾಡದ ಹುಡುಗ. ದೇವರಿದ್ದಾನೆಯೇ ಎಂಬುದರಿಂದ ಹಿಡಿದು ಯಾವ ಬೀಜ ಯಾವ ಮಣ್ಣಿಗೆ ಎಂಬುವವರೆಗೆ ಎಲ್ಲಕ್ಕೂ ತಟ್ಟನೆ ಉತ್ತರ ಹೇಳುತ್ತಿದ್ದ ಗೋವಿಂದಪ್ಪ ತಮ್ಮ ಕೈಬೆರಳು ನೋಡಿಕೊಂಡರು. "ನನಗ ಗೊತ್ತಿಲ್ಲಪಾ. ಸಾವಂತ್ರಿ ಜಡಿ ಕತ್ತರಿಸೂವಾಗ ಗೊತ್ತೈತಿ ಅಂತ ಮಾಡಿದ್ದೆ. ಈಗ ಅದೂ ಗೊತ್ತಿಲ್ಲ." ಅಪ್ಪನ ಬಾಯಿಂದ ಆ ಮಾತು ಯಲ್ಲೇಶ ಹಿಂದೆಂದೂ ಕೇಳಿರಲಿಲ್ಲ. ಅಪ್ಪ ಇದ್ದಕ್ಕಿದ್ದ ಹಾಗೆ ತುಂಬ ಮುದುಕರಾಗಿ ಕಂಡರು, ಅವರ ಮೇಲೆ ಸಿಟ್ಟೂ ಬಂತು. ಗೊತ್ತಿರುವವರು ಒಬ್ಬರಾದರೂ ಬೇಕಲ್ಲ.

ಅಪ್ಪನ ಸೂಜಿ ಮುಗಿದು ಅವರು ಹೊರಗಿನ ಬೆಂಚಿನಲ್ಲಿ ಒರಗಿದ ಮೇಲೆ ಯಲ್ಲೇಶ ಮಗುವನ್ನು ಕರೆದುಕೊಂಡು ಒಳಗೆ ಹೋದ. ರಮಾಕಾಂತ ಮಗುವನ್ನು ನೋಡಿದರು, ಅವನನ್ನು ನೋಡಿದರು, ವಿದ್ಯಾರ್ಥಿಯ ಮಾತೆತ್ತಲಿಲ್ಲ. ಅವರು ಕೆಣಕಿದ್ದರೆ ಹಗುರಾಗುತ್ತಿತ್ತು. ನಂತರ, ನೀವು ಸ್ವಲ್ಪ ಹೊರಗ ಕೂಡ್ರಿ ಎಂದು ಅವನನ್ನೇ ಕಳಿಸಿಬಿಟ್ಟರು. ಕಟ್ಟಿಗೆಯ ಬಾಗಿಲಿನ ಆಚೆ ನಿಂತ ಯಲ್ಲೇಶನಿಗೆ ಡಾಕ್ಟರ ಗೊಗ್ಗರು ದನಿ ಒಮ್ಮೊಮ್ಮೆ, ಮಗುವಿನ ದನಿ ಬಿಡದೆ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಇಷ್ಟುದ್ದ ಮಾತಾಡುವ ಮಗು ಅದು ಎಂದು ಅವನಿಗೆ ತಿಳಿದಿರಲಿಲ್ಲ. ಮನೆಯಲ್ಲಿ ಕೇಳಿದ್ದಕ್ಕೆ ಹೂಂ ಎನ್ನುತ್ತಿತ್ತು, ಇಲ್ಲಾ ಉಹೂಂ ಎನ್ನುತ್ತಿತ್ತು. ಒಮ್ಮೆ ಒಳಗಿನಿಂದ ನಗೆಯೂ ಕೇಳಿಸಿದಂತಾಗಿ ಅವನಿಗೆ ಹೊಟ್ಟೆಕಿಚ್ಚಾಯಿತು. ಪಕ್ಕದಲ್ಲಿದ್ದ ಸಕ್ಕರೆ ಕಾಯಿಲೆಯ ಹೆಂಗಸು, ನಿಮ್ಮ ಮಗಳಿಗೆ ಏನಾಗೇತ್ರಿ ಎಂದು ಕೇಳಿದಳು. ಅವನು ಏನಿಲ್ಲ ಎಂದ. ಮಗಳಲ್ಲ ಎಂದು ತಿದ್ದಲು ಹೋಗಲಿಲ್ಲ. ತಿದ್ದದಿದ್ದುದು ಒಪ್ಪಿಕೊಂಡಿದ್ದಕ್ಕೋ ಪುಕ್ಕಲುತನಕ್ಕೋ ಎಂದು ಮತ್ತೆ ಒಳಗೆ ಕರೆಯುವವರೆಗೂ ಯೋಚಿಸಿದ.

ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಟ್ಟು, ಹೀಗೆ ಮಾಡಿ ಎಂದು ಒಂದೇ ಮಾತು ಹೇಳಿದ್ದರೆ ಯಲ್ಲೇಶ ಅವರ ಕಾಲು ಹಿಡಿಯುತ್ತಿದ್ದ. ಆರೇಳು ವರ್ಷಕ್ಕೇ ಮೈನೆರೆಯುವ ಲಕ್ಷಣ ಕಂಡ ಹುಡುಗಿಯರಿಗೆ ತಾವು ಈ ಸೂಜಿ ಕೊಟ್ಟಿದ್ದಾಗಿಯೂ, ನಿಲ್ಲಿಸಿದ ಮೇಲೆ ಅವರಿಗೆ ಎಲ್ಲ ಸಹಜವಾಗಿ ಶುರುವಾಗಿದ್ದಾಗಿಯೂ ಹೇಳಿದರು. ಸ್ನೇಹಲ್‌ನಂಥ ಮಕ್ಕಳಿಗೆ ಹಾಲೆಂಡಿನಲ್ಲಿ ಕೊಡುತ್ತಿದ್ದಾರೆ, ತಾವು ಕೊಟ್ಟಿಲ್ಲ, ಈ ಕಡೆ ಯಾರೂ ಕೊಟ್ಟದ್ದು ಕೇಳಿಲ್ಲ. ಎಲುಬಿಗೆ ಬಲ ಕೂಡುವ ಕಾಲದಲ್ಲಿ ಅದು ಹಿಂದೆ ಬೀಳುತ್ತದೆ. ಮುಂದೆ ಸರಿದೂಗುತ್ತದೆಯೋ ಇಲ್ಲವೋ ತಿಳಿಯದು. ಮುಂದೆ ಮಕ್ಕಳಾಗುವ ಪ್ರಶ್ನೆಯೂ ಇದೆ, ಮನಸ್ಸಿನ ಪ್ರಶ್ನೆಯೂ ಇದೆ. ಕೊಟ್ಟರೆ ಒಳ್ಳೆಯದಾಗುತ್ತದೆ ಎನ್ನುವವರೂ ಕೊಟ್ಟರೆ ಕೆಡುತ್ತದೆ ಎನ್ನುವವರೂ ಕಂಡ ಮಕ್ಕಳ ಸಂಖ್ಯೆ ನಿಮ್ಮ ಒಂದು ಶಾಲೆಯಷ್ಟೂ ಇಲ್ಲ ಎಂದರು. ಯಲ್ಲೇಶ ಮಗುವಿನ ಕಡೆ ಕಳ್ಳನೋಟ ಬೀರಿದ. ಅದು ಒಂದೊಂದೂ ಮಾತನ್ನು ಕುತ್ತಿಗೆ ಮುಂದೆ ಚಾಚಿ ಕೇಳುತ್ತಿತ್ತು. ಇದನ್ನೆಲ್ಲ ಅದರೆದುರು ಹೇಳಬೇಕೇ ಎನ್ನಿಸಿತು, ಮತ್ಯಾರ ಎದುರು ಹೇಳಬೇಕು ಎಂದೂ ಅನ್ನಿಸಿತು. ಹಾಗಾದರೆ ಸದ್ಯ ಏನೂ ಮಾಡದೆ ಒಂದಷ್ಟು ದಿನ ನೋಡ್ತೀವಿ ಸರ್ ಎಂದ, ಪಾರಾದವನ ದನಿಯಲ್ಲಿ. ರಮಾಕಾಂತ ಪೆನ್ನು ಕೆಳಗಿಟ್ಟರು.

"ನೋಡ್ರಿ ಮಾಸ್ತರ, ಕೊಡೂದು ಹ್ಯಾಂಗ ಒಂದು ತೀರ್ಮಾನವೋ ಕೊಡದ ಕೂಡೂದೂ ಹಂಗ ಒಂದು ತೀರ್ಮಾನನ. ನೀವು ಸುಮ್ಮನ ಕೂತ್ರ ಇದರ ಮೈ ಏನು ಸುಮ್ಮನ ಕೂಡೂದಿಲ್ಲ."

ಮೊದಲು ಎಲುಬಿನ ವಯಸ್ಸು ನೋಡೋಣ ಎಂದು ಅವರು ಮಗುವಿನ ಎಡಗೈಯನ್ನು ಮೇಜಿನ ಮೇಲೆ ಚಾಚಿಸಿ ತೋರಿಸಿದರು. ಬೆಳೆಯುವ ಮಕ್ಕಳ ಎಲುಬಿನ ತುದಿಗಳ ನಡುವೆ ಸಂದು ಇರುತ್ತದೆ, ಮೈ ಬಲಿತಂತೆ ಸಂದು ಮುಚ್ಚುತ್ತ ಬರುತ್ತದೆ. ಕೈಯ ಎಕ್ಸ್‌ರೇ ತೆಗೆದು ಪುಸ್ತಕದ ಚಿತ್ರಗಳ ಪಕ್ಕ ಹಿಡಿದರೆ ಮೈ ಎಷ್ಟು ಮುಂದೆ ಹೋಗಿದೆ ಎಂದು ತಿಳಿಯುತ್ತದೆ. ಗಂಡುಹುಡುಗರ ಚಿತ್ರವೇ ಬೇರೆ, ಹುಡುಗಿಯರ ಚಿತ್ರವೇ ಬೇರೆ. ಹುಡುಗಿಯರ ಎಲುಬು ಹೆಚ್ಚುಕಡಿಮೆ ಎರಡು ವರ್ಷ ಮುಂದಿರುತ್ತದೆ. ಬಹಳ ಬಲಿತಿದ್ದರೆ ಸೂಜಿಯಿಂದ ಆಗುವುದು ಅಷ್ಟಕ್ಕಷ್ಟೇ. ಬಲಿಯದಿದ್ದರೆ ಆರು ತಿಂಗಳೋ ವರ್ಷವೋ ಕಾಯಬಹುದು. ನಡುವಿನಲ್ಲಿದ್ದರೆ ಮನೋವೈದ್ಯರಿಗೆ ಬೇಗ ತೋರಿಸಿ, ತಾಯಿಯನ್ನೂ ಕರೆತನ್ನಿ, ಕೂತು ಗೊತ್ತುಮಾಡೋಣ ಎಂದರು. ಹೊರಗೆ ಬರುವಾಗ ಯಲ್ಲೇಶ ತಾನು ಬೇಡಿಕೊಳ್ಳುತ್ತಿರುವುದನ್ನು ತಾನೇ ಹಿಡಿದ. ಬುದ್ಧನನ್ನೋ ಎಲ್ಲಮ್ಮನನ್ನೋ, ಯಾರನ್ನೆಂದು ಗೊತ್ತಿಲ್ಲ. ಎಲುಬು ಪೂರ್ತಿ ಬಲಿತಿರಲಿ, ಇಲ್ಲವೇ ಏನೂ ಬಲಿಯದಿರಲಿ. ನಡುವಿನಲ್ಲಿ ಮಾತ್ರ ಇರದಿರಲಿ. ಮೊದಲನೆಯದಾದರೆ ಕಾಲ ಮೀರಿತು, ಎರಡನೆಯದಾದರೆ ಕಾಲವಿದೆ, ಎರಡರಲ್ಲೂ ತಾನು ಏನೂ ಹೇಳಬೇಕಾಗಿಲ್ಲ. ಮಗುವಿನ ಕೈಯೊಳಗಿನ ಎಲುಬು ತನ್ನ ಪರವಾಗಿ ಮಾತಾಡಲಿ ಎಂದು ಕಾಯುವ ತಂದೆ ಎಂಥವನು? ನಾಚಿಕೆಯಾಯಿತು. ನಾಚಿಕೆಯಾದ ಮೇಲೂ ಬೇಡಿಕೊಳ್ಳುವುದು ನಿಲ್ಲಲಿಲ್ಲ.

ಎಕ್ಸ್‌ರೇ ಕೋಣೆ ಪಕ್ಕದ ಕಟ್ಟಡದಲ್ಲಿತ್ತು. ಅಪ್ಪನನ್ನು ದವಾಖಾನೆಯ ಬೆಂಚಿನಲ್ಲೇ ಬಿಟ್ಟು ಇಬ್ಬರೂ ಅಲ್ಲಿಗೆ ಹೋದರು. ಯಂತ್ರ ನೋಡಿಕೊಳ್ಳುವ ಮೆಹಬೂಬ ಹಸನ್ಮುಖಿ. ಮಗುವನ್ನು ಸ್ಟೂಲಿನ ಮೇಲೆ ಕೂರಿಸಿ, ಎಡಗೈಯನ್ನು ಕಪ್ಪು ಹಲಗೆಯ ಮೇಲೆ ಚಪ್ಪಟೆಯಾಗಿ ಇಡಿಸಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ನಂತರ ಡಾಕ್ಟರ ಚೀಟಿ ನೋಡಿದ. ಹೆಸರಿತ್ತು, ವಯಸ್ಸಿತ್ತು, ಆಮೇಲಿನ ಜಾಗ ಖಾಲಿ ಇತ್ತು. ಡಾಕ್ಟರು ಮರೆತರೋ, ಬೇಕೆಂದೇ ಬಿಟ್ಟರೋ ಯಲ್ಲೇಶನಿಗೆ ತಿಳಿಯಲಿಲ್ಲ. ಮೆಹಬೂಬ ಒಮ್ಮೆ ಮಗುವಿನ ಕೂದಲು ನೋಡಿದ, ಸ್ನೇಹಲ್ ಎಂಬ ಹೆಸರನ್ನು ಬಾಯಲ್ಲೇ ಅಂದುಕೊಂಡ. ಅದರಿಂದಲೂ ಅವನಿಗೆ ಏನೂ ಹೊಳೆಯಲಿಲ್ಲ. "ತಪ್ಪ ತಿಳೀಬ್ಯಾಡ್ರಿ ಸರ್, ಹುಡುಗನೋ ಹುಡುಗೀನೋ? ರಿಪೋರ್ಟ್ ಮಾಡಾಕ ಬೇಕಾಗ್ತೈತ್ರಿ."

ಬಾಗಿಲು ತೆರೆದೇ ಇತ್ತು, ಹೊರಗೆ ಜನ ಕಾಯುತ್ತಿದ್ದರು. ಸ್ನೇಹಲ್ ಕೈ ಅಲುಗಿಸದೆ, ತಲೆ ಎತ್ತದೆ ಕೂತಿತ್ತು. ಕಂಡಕ್ಟರನ ಮುಖ, ತನ್ನ ನಗೆ, ಸಾವಂತ್ರೆವ್ವ ಮುಖ ಸವರಿದ ಎರಡು ಕೈ, ಎಲ್ಲ ಒಟ್ಟಿಗೆ ಯಲ್ಲೇಶನ ಕಣ್ಣ ಮುಂದೆ ನುಗ್ಗಿಬಂದವು.

"ಹುಡುಗಿ" ಎಂದ.

ಬೇಕಾದ್ದಕ್ಕಿಂತ ಜೋರಾಗಿಯೇ ಬಂತು ಮಾತು. ಹೊರಗಿನವರಿಗೂ ಕೇಳಿಸಿರಬೇಕು. ಅಂದ ಕೂಡಲೇ ಮೈ ಹಗುರಾಯಿತು, ಕಣ್ಣು ಮಂಜಾಯಿತು. ಎಂಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಇಷ್ಟೇ ಸಣ್ಣದೇ ಎನ್ನಿಸಿತು. ಬಹುಮಾನ ಗೆದ್ದ ಹುಡುಗನ ಹಾಗೆ ಅವನು ಮಗುವಿನ ಮುಖ ನೋಡಿದ. ಸ್ನೇಹಲ್ ತಲೆ ಎತ್ತಿತ್ತು, ಅದರ ಮುಖ ಬಿಚ್ಚಿಕೊಂಡಿತ್ತು. ಆ ಮುಖವನ್ನು ಅವನು ಅದರ ನಾಲ್ಕನೆಯ ವಯಸ್ಸಿನಿಂದೀಚೆಗೆ ಕಂಡಿರಲಿಲ್ಲ. ಒಂದು ಗಳಿಗೆ ಅಷ್ಟೇ. ಮೆಹಬೂಬ ಪೆನ್ನು ಚೀಟಿಗೆ ಹಚ್ಚಿದ್ದ.

"ಅಂಕಲ್, ಹಂಗ ಬರೀಬ್ಯಾಡ್ರಿ" ಎಂದಿತು ಸ್ನೇಹಲ್. "ಎಲುಬು ಹುಡುಗನ್ವು ಅದಾವು. ಹುಡುಗಿ ಅಂತ ಬರದ್ರ ಇನ್ನೂ ಭಾಳ ವ್ಯಾಳ್ಯಾ ಐತಿ ಅಂತ ಬರ್ತೈತಿ. ನನಗ ಅಷ್ಟು ವ್ಯಾಳ್ಯಾ ಇಲ್ಲ."

ಮೆಹಬೂಬ ತಂದೆಯನ್ನು ನೋಡಿದ. ಡಾಕ್ಟರು ಹೇಳಿದ್ದು ಯಲ್ಲೇಶನಿಗೂ ಕೇಳಿಸಿತ್ತು. ಹುಡುಗನ ಕೈಯನ್ನು ಹುಡುಗಿಯರ ಚಿತ್ರದ ಪಕ್ಕ ಹಿಡಿದರೆ ಅದರ ವಯಸ್ಸು ಚಿಕ್ಕದಾಗಿ ಕಾಣುತ್ತದೆ, ಕಾಲವಿದೆ ಎಂದು ಬರುತ್ತದೆ, ವರ್ಷ ಕಾಯಿರಿ ಎನ್ನುತ್ತಾರೆ. ಅದು ತನಗೆ ಗೊತ್ತಿತ್ತೇ? ಗೊತ್ತಿದ್ದೇ ಹಾಗೆಂದೆನೇ? ಒಪ್ಪಿಕೊಂಡು ಅಂದೆನೋ, ತಪ್ಪಿಸಿಕೊಳ್ಳಲಿಕ್ಕೆ ಅಂದೆನೋ? ಎದೆ ತುಂಬಿ ಬಂದದ್ದು ಖರೆ, ಅದನ್ನು ಯಾರು ಬೇಕಾದರೂ ಬಂದು ನೋಡಬಹುದು. ಆದರೆ ಅದರ ತಳದಲ್ಲಿ ಇನ್ನೊಂದು ಇರಲಿಲ್ಲ ಎಂದು ಅವನು ಯಾರ ಮೇಲೆ ಆಣೆ ಮಾಡಿ ಹೇಳಬಲ್ಲ? ಅವನು ಮೆಹಬೂಬನಿಗೆ ತಲೆಯಾಡಿಸಿದ, ಅದು ಹೇಳಿದಂತೆಯೇ ಬರೆದುಕೊಳ್ಳಿ ಎಂಬ ಹಾಗೆ. ಮೆಹಬೂಬ ಬರೆದುಕೊಂಡ. ಏನೂ ಅರ್ಥವಾಗದಿದ್ದರೂ ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ. ನೀವು ಹೊರಗ ನಿಂದರ್ರಿ ಸರ್, ಕಿರಣ ಬಡೀತೈತಿ ಎಂದ.

ಯಲ್ಲೇಶ ಬಾಗಿಲವರೆಗೆ ಹೋಗಿದ್ದ.

"ಪಪ್ಪಾ."

ತಿರುಗಿ ನೋಡಿದ. ಸ್ನೇಹಲ್ ಹಲಗೆಯ ಮೇಲಿನ ಕೈ ಸರಿಯದಂತೆ ಇನ್ನೊಂದು ಕೈಯಿಂದ ಅದರ ಮಣಿಕಟ್ಟು ಒತ್ತಿ ಹಿಡಿದಿತ್ತು. ಅವನ ಕಡೆ ನೋಡುತ್ತಿರಲಿಲ್ಲ.

"ಇಲ್ಲಿ ಬ್ಯಾಡಾಗಿತ್ತು. ಮನ್ಯಾಗ ಅನ್ರಿ."

ಮೆಹಬೂಬ ಬಾಗಿಲು ಎಳೆದುಕೊಂಡ. ಅಲುಗಬ್ಯಾಡ, ಹಂಗ ಇರು ಎಂದು ಅವನು ಒಳಗಿನಿಂದ ಹೇಳುತ್ತಿರುವುದು ಯಲ್ಲೇಶನಿಗೆ ಕೇಳಿಸಿತು. ಹೊರಗಿದ್ದವರು ಅವನನ್ನು ನೋಡುತ್ತಿದ್ದರು. ಅವನು ಮನೆಯ ಪಡಸಾಲೆಯನ್ನೂ ಅಲ್ಲಿ ಕಾವೇರಿ, ಅಪ್ಪ ಕೂತಿರುವುದನ್ನೂ ಕಣ್ಣಿಗೆ ತಂದುಕೊಂಡು ಆ ಒಂದು ಮಾತನ್ನು ಬಾಯಲ್ಲೇ ಅಂದು ನೋಡಿದ. ದನಿ ಹೊರಡಲಿಲ್ಲ. ಮತ್ತೊಮ್ಮೆ ಅಂದು ನೋಡಿದ.